ಞ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ

ಕನ್ನಡ ವಿಕಿಪೀಡಿಯಕ್ಕೆ ಒಂದು ಕಾಲಕ್ಕೆ ಪೋರ್ಚುಗೀಸರು ಆಳಿದ ಆಫ್ರಿಕಾದ ದೇಶ ಮೊಜಾಂಬಿಕ್‌ನ ಹೆಸರಾಂತ ಜನರ ಬಗ್ಗೆ ಚಿಕ್ಕ ಚಿಕ್ಕ ಪುಟ ಬರೆಯೋಣ ಅಂತ ಕೂತಾಗ, ಹೆಸರುಗಳೇ ಇಷ್ಟು ಕಾಡುತ್ತವೆ ಅಂದುಕೊಂಡಿರಲಿಲ್ಲ. ದೇಶದ ಮೊದಲ ಅಧ್ಯಕ್ಷ ಸಮೋರಾ ಅವರ ಅಡ್ಡಹೆಸರನ್ನು ಇಂಗ್ಲಿಷ್ ಅಕ್ಷರ ನೋಡಿ ‘ಮಾಚೆಲ್’ ಅಂತ ಬರೆದಿದ್ದೆ. ಬೆಳಗಾವಿಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಗೋವಾದವರು, ಚಿಕ್ಕವರಿದ್ದಾಗ ಪೋರ್ಚುಗೀಸ್ ಶಾಲೆಗೆ ಹೋದವರು. ಅವರಿಗೆ ತೋರಿಸಿದೆ.

“ಮಾಚೆಲ್ ಅಲ್ಲೋ ಪುತಾ, ಮಶೆಲ್.”

ಆವತ್ತಿನಿಂದ ಪ್ರತಿ ಹೆಸರನ್ನೂ ಅವರ ಬಾಯಲ್ಲಿ ಓದಿಸಿ, ಆಮೇಲೆ ಬರೆಯತೊಡಗಿದೆ. ಸಮೋರಾ ನಂತರ ಬಂದ ಅಧ್ಯಕ್ಷರು ಚಿಸಾನೊ ಅಲ್ಲ, ಶಿಸಾನೊ. ಶಿಕ್ಷಣ ಮಂತ್ರಿಯಾಗಿದ್ದವರ ಹೆಸರು ಗ್ರಾಕಾ ಅಲ್ಲ, ಗ್ರಾಸಾ. ಸಿ ಅಕ್ಷರದ ಕೆಳಗೆ ಬಾಲ (ç) ಇದ್ದರೆ ಸ. “ನಮ್ಮ ಗೋವಾದ ಮಾಪುಸಾ ಊರಿನ ಹೆಸರು ಬರೀತಿದ್ದದ್ದೂ ಹಿಂಗೇ” ಅಂದರು.

ಮಜಾ ಬಂದದ್ದು ಕವಿ ಜೋಸೆ ಅವರ ಹೆಸರಿನಲ್ಲಿ. 1991ರಲ್ಲಿ ಪೋರ್ಚುಗೀಸ್ ಸಾಹಿತ್ಯದ ದೊಡ್ಡ ಗೌರವವಾದ ಕಾಮೋಯಿಶ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಅವರು. ನಾನು ‘ಕ್ರವೇರಿನ್ಹಾ’ ಅಂತ ಬರೆದಿದ್ದೆ. ಅಂಕಲ್ ನಾಲ್ಕು ಸಲ ಹೇಳಿದರು. ನ ಅಲ್ಲ, ನ್ಹ ಅಲ್ಲ, ನ್ಯ ಕೂಡ ಪೂರ್ತಿ ಅಲ್ಲ. ನಾಲಿಗೆಯ ನಡು ಮೇಲಕ್ಕೆ ಅಂಟುತ್ತದೆ. ಆಗ ಹೊಳೆಯಿತು, ಇದು ನಮ್ಮ ಞ! ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಸುಮ್ನೆ ಮರೆತುಬಿಡುವ ಅಕ್ಷರ, ಅಲ್ವಾ? ಕ್ರವೇರಿಞ ಅಂತ ಬರೆದೆ.

ಮೊದಲು ಅಕಾರಾದಿಯಾಗಿ ಒಬ್ಬೊಬ್ಬರನ್ನೇ ಮುಗಿಸುತ್ತಿದ್ದೆ, ಬೇಜಾರು ಬಂತು. ಆಮೇಲೆ ಒಂದು ಪುಟದಿಂದ ಇನ್ನೊಂದಕ್ಕೆ ದಾರಿ ಹುಡುಕುತ್ತ ಹೋದೆ. ಮಫಲಾಲಾ ಅಂತ ರಾಜಧಾನಿ ಮಪುತೊ ನಗರದ ಒಂದು ಬಡಾವಣೆ ಇದೆ, ಮರ ಮತ್ತು ತಗಡಿನ ಮನೆಗಳದ್ದು. ಕ್ರವೇರಿಞ ಅಲ್ಲಿಯವರು. ಫುಟ್‌ಬಾಲ್ ಆಟಗಾರ ಎವುಜೆಬಿಯು ಅಲ್ಲಿಯ ಹುಡುಗ. ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಿದ್ದ ಮರಿಯಾ ಮುತೋಲಾಳನ್ನು ನೋಡಿ, ಓಟಕ್ಕೆ ಬಾ ಅಂತ ಕರೆತಂದವರೂ ಇದೇ ಕವಿ. 1988ರ ಸಿಯೋಲ್ ಒಲಿಂಪಿಕ್ಸ್‌ಗೆ ಹೋದಾಗ ಆಕೆಗೆ 15 ವರ್ಷ. 2000ದ ಸಿಡ್ನಿಯಲ್ಲಿ 800 ಮೀಟರ್ ಓಟದಲ್ಲಿ ದೇಶಕ್ಕೆ ಮೊದಲ ಚಿನ್ನ. ಕವಿಯ ಪುಟದಿಂದ ಓಟಗಾರ್ತಿಯ ಪುಟಕ್ಕೆ ಕೊಂಡಿ ಹಾಕಿದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಎವುಜೆಬಿಯು ಪುಟ ಮಾತ್ರ ಮೂರು ಸಲ ತಿದ್ದಿದೆ. 1966ರ ವಿಶ್ವಕಪ್‌ನಲ್ಲಿ 9 ಗೋಲು ಹೊಡೆದದ್ದು ಪೋರ್ಚುಗಲ್ ಪರ. ಹಾಗಾದರೆ ಅವರು ಯಾವ ದೇಶದವರು ಅಂತ ಮೊದಲ ಸಾಲಿನಲ್ಲಿ ಬರೆಯುವುದು? ‘1942ರಲ್ಲಿ ಮಪುತೊದಲ್ಲಿ ಜನನ’ ಅಂತ ಬೇರೆ ಬರೆದು ಎಡವಿದ್ದೆ. ಆಗ ಆ ಊರು ಲೊರೆನ್ಸು ಮಾರ್ಕಿಶ್, ಮಪುತೊ ಆದದ್ದು 1976ರಲ್ಲಿ. ಕೊನೆಗೆ, ಪೋರ್ಚುಗೀಸ್ ಆಳ್ವಿಕೆಯ ಮೊಜಾಂಬಿಕ್‌ನಲ್ಲಿ ಹುಟ್ಟಿ ಪೋರ್ಚುಗಲ್ ತಂಡಕ್ಕೆ ಆಡಿದವರು ಅಂತ ಇದ್ದದ್ದನ್ನು ಇದ್ದ ಹಾಗೇ ಇಟ್ಟೆ. ‘ಯುಸೇಬಿಯೊ’ ಅಂತ ಹುಡುಕಿದರೂ ಇದೇ ಪುಟ ಸಿಗುವ ಹಾಗೆ ಮಾಡಿದೆ. ಓದುವವರಿಗೆ ಪರಿಚಯ ಇರುವುದು ಆ ಹೆಸರೇ.

ಗ್ರಾಸಾ ಮಶೆಲ್ ಪುಟವನ್ನು ‘ಮಂಡೇಲಾ ಪತ್ನಿ’ ಅಂತ ಶುರು ಮಾಡಬಾರದು ಅಂತ ಮೊದಲೇ ಹಟ ಹಿಡಿದಿದ್ದೆ. 1975ರಲ್ಲಿ ಸ್ವತಂತ್ರ ಮೊಜಾಂಬಿಕ್‌ನ ಮೊದಲ ಶಿಕ್ಷಣ ಮಂತ್ರಿ ಆದವರು ಅವರು. ಮದುವೆಯಾದ ಸಮೋರಾ, ಆಮೇಲೆ ಮಂಡೇಲಾ, ಇಬ್ಬರ ಹೆಸರೂ ಕೆಳಗೆ ಬರುತ್ತದೆ.

ಎಲ್ಲ ಮುಗಿಸಿ ಅಂಕಲ್‌ಗೆ ಮೊಬೈಲ್ ಕೊಟ್ಟೆ. ಕನ್ನಡದಲ್ಲಿ ನಿಧಾನವಾಗಿ ಕೂಡಿಸಿ ಓದಿದರು: ಕ್ರ-ವೇ-ರಿ-ಞ. ಒಮ್ಮೆಲೇ ಸರಿ ಬಂತು. ಕನ್ನಡಕ ತೆಗೆದು ಕೇಳಿದರು, “ಹಂಗಾರ ನಿಮ್ಮ ಪೇಪರ್‌ನ್ಯಾಗ ರೊನಾಲ್ಡಿನೋ ಅಂತ್ಯಾಕ ಬರೀತಾರ?”