ಕೊಂಬಿಲ್ಲದ ಬಸವಣ್ಣ: ನಮ್ಮನೆ ಸಕ್ಕರೆ ಅಚ್ಚಿನ ಕಥೆ

ಅಜ್ಜಿ ಮನೆ ಅಟ್ಟದಲ್ಲಿದ್ದ ಮರದ ಅಚ್ಚುಗಳ ಗಂಟು ನನ್ನ ಪಾಲಿಗೆ ಬಂತು. ಹನ್ನೊಂದು ಅಚ್ಚು. ಗೋಪುರ, ತುಳಸಿಕಟ್ಟೆ, ಗಿಳಿ, ಮೀನು, ಆನೆ, ಬಾಳೆಗೊನೆ, ಬಸವಣ್ಣ, ಹೀಗೆ. ಚೆನ್ನಾಗಿ ಒರೆಸಿ ಶೋಕೇಸಿನಲ್ಲಿ ಜೋಡಿಸಿದೆ. ಅಮ್ಮ ನೋಡಿ ನಕ್ಕಳು. "ಅದೇನು ದಸರಾ ಗೊಂಬೆಯೇನೇ? ಸಂಕ್ರಾಂತಿಗೆ ಅಚ್ಚು ಹಾಕು."

ಹಾಕಿದೆ. ಮೊದಲ ವರ್ಷ ಒಂದೂ ನೆಟ್ಟಗೆ ಬರಲಿಲ್ಲ. ಪಾಕವೇನೋ ಗಟ್ಟಿಯಾಯಿತು. ಆದರೆ ಅಚ್ಚು ಬಿಚ್ಚಿದರೆ ಗಿಳಿಯ ಕೊಕ್ಕು ಮರದೊಳಗೇ ಕೂತಿತ್ತು, ಬಸವಣ್ಣನ ಎರಡೂ ಕೊಂಬು ಅಲ್ಲೇ. ಅಮ್ಮ ಆಗ ಅಕ್ಕನ ಮನೆಯಲ್ಲಿದ್ದಳು. ಫೋನ್ ಮಾಡಿ ಗೋಳಾಡಿದೆ. "ಒಣ ಅಚ್ಚಿಗೆ ಹೊಯ್ದ್ಯಾ?" ಅಂತ ಒಂದೇ ಮಾತು ಕೇಳಿದಳು. ಅಷ್ಟೇ ವಿಷಯ. ಒಣ ಮರಕ್ಕೆ ಪಾಕ ಅಂಟಿಕೊಳ್ಳುತ್ತದೆ. ನೀರು ಕುಡಿದ ಮರಕ್ಕೆ ಅಂಟುವುದಿಲ್ಲ.

ಎರಡನೇ ವರ್ಷ ಬೇರೆ ಎಡವಟ್ಟು. ನಿಂಬೆರಸ ಹಾಕಿದರೆ ಅಚ್ಚು ಹಾಲಿನ ಹಾಗೆ ಬೆಳ್ಳಗಾಗುತ್ತೆ ಅಂತ ಯಾರೋ ಹೇಳಿದ್ದರು. ಕೆಲವು ಹನಿ ಅಂದಿದ್ದರೇನೋ, ನಾನು ಒಂದು ಕಿಲೋ ಸಕ್ಕರೆಗೆ ಇಡೀ ಹಣ್ಣು ಹಿಂಡಿದೆ. ಎಷ್ಟು ಕುದಿಸಿದರೂ ಪಾಕ ಹರಳುಗಟ್ಟಲೇ ಇಲ್ಲ. ಹುಳಿ ಜೊತೆ ಕುದ್ದಾಗ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ಉಳಿದ ಸಕ್ಕರೆಯನ್ನೂ ಹರಳಾಗಲು ಬಿಡುವುದಿಲ್ಲ. ಜಿಲೇಬಿ ಪಾಕಕ್ಕೆ ನಿಂಬೆ ಹಿಂಡುವುದು ಅದಕ್ಕೇ ಅಲ್ವಾ? ನಮಗೆ ಬೇಕಿದ್ದದ್ದು ಅದರ ತದ್ವಿರುದ್ಧ. ಆ ಪಾಕವನ್ನೆಲ್ಲ ಆಮೇಲೆ ಪಾನಕ ಮಾಡಿ ಕುಡಿದು ಮುಗಿಸಿದೆವು.

ಮೂರನೇ ವರ್ಷ ಅಮ್ಮ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಅಲ್ಲಿಂದ ನಮ್ಮನೆಯಲ್ಲಿ ಸಂಕ್ರಾಂತಿಗೆ ಮೊದಲು ಬರುವ ಭಾನುವಾರ ಅಂದರೆ ಅಚ್ಚಿನ ಭಾನುವಾರ. ಒಂಬತ್ತು ವರ್ಷದ ಮಗಳು, ಹನ್ನೆರಡು ವರ್ಷದ ಅಕ್ಕನ ಮಗ, ಇಬ್ಬರೂ ಹಾಜರು. ಅವತ್ತು ಅಡಿಗೆಮನೆ ಕಡೆ ಯಾರಾದರೂ ನೆಂಟರು ಬಂದರೆ ನನಗೆ ನಾಚಿಕೆಯಾಗುತ್ತದೆ, ಹಾಗಿರುತ್ತದೆ.

ಹಿಂದಿನ ರಾತ್ರಿಯೇ ಅಚ್ಚುಗಳನ್ನು ಬಿಚ್ಚಿ ಬಕೆಟ್ ನೀರಿನಲ್ಲಿ ಮುಳುಗಿಸುತ್ತೇವೆ. ಮರ ತೇಲುತ್ತದೆ, ಮೇಲೆ ರುಬ್ಬುವ ಗುಂಡು ಇಡಬೇಕು. ಬೆಳಗ್ಗೆ ತೆಗೆದು, ನೀರು ಕೊಡವಿ, ಬಟ್ಟೆಯಲ್ಲಿ ಒತ್ತಿ, ಜೋಡಿ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯುವುದು ಮಕ್ಕಳ ಕೆಲಸ. ಗಿಳಿಯ ಬಲಭಾಗಕ್ಕೆ ಮೀನಿನ ಎಡಭಾಗ ಸೇರಿಸಿ ಒಮ್ಮೆ ವಿಚಿತ್ರ ಪ್ರಾಣಿಯೊಂದು ಹುಟ್ಟಿತ್ತು. ಈಗ ಜೋಡಿಗಳ ಹಿಂದೆ ಪೆನ್ಸಿಲಿನಲ್ಲಿ ನಂಬರ್ ಬರೆದಿದ್ದೇವೆ.

ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ನೀರು. ಕುದಿ ಬಂದಾಗ ಎರಡು ಮೂರು ಚಮಚ ಹಾಲು. ಹಾಲು ಒಡೆದು, ಸಕ್ಕರೆಯ ಕೊಳೆಯನ್ನೆಲ್ಲ ಹೊತ್ತುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಲ್ಲಿ ತೆಗೆದು, ತೆಳು ಬಟ್ಟೆಯಲ್ಲಿ ಸೋಸಿದರೆ ಕನ್ನಡಿಯಂಥ ಪಾಕ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಸಕ್ಕರೆಯಲ್ಲೂ ಅಷ್ಟು ಕೊಳೆ ಇರುತ್ತದೆ ಅಂತ ಮಕ್ಕಳಿಗೆ ಪ್ರತಿ ವರ್ಷವೂ ಆಶ್ಚರ್ಯ.

ಇಷ್ಟೂ ಪಾಕವನ್ನು ಒಟ್ಟಿಗೆ ಕಾಯಿಸಿದರೆ ಕೆಟ್ಟಿರಿ. ಹಿಡಿಯಿರುವ ಸಣ್ಣ ದಪ್ಪ ತಳದ ಪಾತ್ರೆಗೆ ಒಂದೊಂದೇ ಸೌಟು ಹಾಕಿ ಕಾಯಿಸಬೇಕು. ಮೊದಲು ದೊಡ್ಡ ಗುಳ್ಳೆ. ಆಮೇಲೆ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ ಏಳುತ್ತದೆ. ನೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆ ಉಂಡೆ ಕಟ್ಟಬೇಕು. ಆಗ ಉರಿಯಿಂದ ಇಳಿಸಿ, ಮರದ ಸೌಟಿನಲ್ಲಿ ಜೋರಾಗಿ ತಿರುವುತ್ತಾ ಹೋಗಿ. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಇದ್ದಕ್ಕಿದ್ದ ಹಾಗೆ ಪಾತ್ರೆಯ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ, ಪಾಕಕ್ಕೆ ಮಂಜು ಕವಿದ ಹಾಗಾಗುತ್ತದೆ. ಸೌಟಿನ ಸದ್ದೂ ಬದಲಾಗುತ್ತದೆ, ನುಣ್ಣಗಿದ್ದದ್ದು ಸರಸರ ಅನ್ನುತ್ತದೆ. ಅಮ್ಮ ನೋಡುವುದೇ ಇಲ್ಲ, ಕಿವಿಗೆ ಬಿದ್ದ ತಕ್ಷಣ "ಹೊಯ್ಯೇ, ಹೊಯ್ಯೇ!" ಅಂತ ಕೂಗುತ್ತಾಳೆ. ಅದೊಂದು ಹತ್ತು ಸೆಕೆಂಡು, ಅಷ್ಟೇ. ಮುಂಚೆ ಹೊಯ್ದರೆ ಅಚ್ಚಿನ ಸಂದಿನಿಂದ ಸೋರಿ ಕಟ್ಟೆ ಮೇಲೆಲ್ಲ ಹರಿಯುತ್ತದೆ. ತಡವಾದರೆ ಪಾತ್ರೆಯಲ್ಲೇ ಕಲ್ಲು.

ಕಲ್ಲಾದರೂ ಅಳಬೇಕಾಗಿಲ್ಲ. ಒಂದು ಸೌಟು ನೀರು ಹಾಕಿ ಮತ್ತೆ ಕರಗಿಸಿ, ಮತ್ತೆ ಕಾಯಿಸಿದರಾಯಿತು. ನಾವು ಒಂದೇ ಸಕ್ಕರೆಯನ್ನು ನಾಲ್ಕು ಸಲ ಕರಗಿಸಿದ್ದುಂಟು. ಆದರೆ ಹೊಯ್ಯುವ ಕೆಲಸ ಮಾತ್ರ ದೊಡ್ಡವರದೇ. ಕುದಿಯುವ ನೀರು ಬಿದ್ದರೆ ಜಾರಿ ಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ನನ್ನ ಹೆಬ್ಬೆರಳಿನ ಮೇಲೆ ಅದರ ಗುರುತು ಇನ್ನೂ ಇದೆ.

ಹತ್ತು ನಿಮಿಷ ಬಿಟ್ಟು ಅಚ್ಚು ಬಿಚ್ಚುವುದು ಮಕ್ಕಳಿಗೆ. ಮಗಳು ಉಸಿರು ಬಿಗಿಹಿಡಿದು ರಬ್ಬರ್ ಬ್ಯಾಂಡ್ ತೆಗೆಯುತ್ತಾಳೆ. ಪಟ್ ಅಂತ ಸದ್ದಾಗಿ, ಇನ್ನೂ ಬೆಚ್ಚಗಿರುವ ಆನೆ ಅಂಗೈ ಮೇಲೆ ಬಂದು ಕೂತಾಗ ಅವಳ ಮುಖ ನೋಡಬೇಕು. ಸೊಂಡಿಲು ಮುರಿದು ಬಂದರೆ ಅಕ್ಕನ ಮಗ ತಕ್ಷಣ ಬಾಯಿಗೆ ಹಾಕಿಕೊಳ್ಳುತ್ತಾನೆ. "ಚಿಕ್ಕಮ್ಮ, ಇದು ಹೇಗೂ ಕೊಡೋಕಾಗಲ್ಲ ಅಲ್ವಾ?" ಅವನು ಬಿಚ್ಚುವ ಅಚ್ಚುಗಳೇ ಯಾಕೆ ಜಾಸ್ತಿ ಮುರಿಯುತ್ತವೆ ಅಂತ ನನಗೆ ಅನುಮಾನ.

ಮಧ್ಯಾಹ್ನ ಊಟವಾದ ಮೇಲೆ ಡಬ್ಬಿ ಮಾಡುವ ಕೆಲಸ. ವರ್ಷವಿಡೀ ಬಂದ ಲಗ್ನಪತ್ರಿಕೆಗಳನ್ನು ಎತ್ತಿಟ್ಟಿರುತ್ತೇನೆ. ಆ ದಪ್ಪ ಕಾಗದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗುವುದಿಲ್ಲ. ತಳಕ್ಕೆ ಕತ್ತರಿಸುವ ಚೌಕ ಮುಚ್ಚಳದ ಚೌಕಕ್ಕಿಂತ ಮೂರು ಮಿಲಿಮೀಟರ್ ಚಿಕ್ಕದಿರಲಿ, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಮೈದಾ ಅಂಟು ಕಾಯಿಸಿಕೊಡುತ್ತೇನೆ. ಒಂದು ಕೈಯಲ್ಲಿ ಮೈದಾ, ಇನ್ನೊಂದರಲ್ಲಿ ಪಾಕ, ಮಧ್ಯೆ ಮಿನುಗು ಪುಡಿ. ಕಳೆದ ವರ್ಷ ಮಗಳ ಜಡೆ ಬಿಡಿಸಲು ಬಿಸಿನೀರು ಬೇಕಾಯಿತು.

ಡಬ್ಬಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೇಬೀಜ, ಹುರಿಗಡಲೆ ತುಂಬುವುದು ಹಬ್ಬದ ಹಿಂದಿನ ದಿನವೇ. ಬೆಲ್ಲ, ಕೊಬ್ಬರಿ ಹೆಚ್ಚಿ ಎರಡು ದಿನ ಬಿಸಿಲಿಗೆ ಒಣಗಿರಬೇಕು. ಮೇಲೊಂದು ಅಚ್ಚು. ಗೋಪುರ, ತುಳಸಿಕಟ್ಟೆ ಪೂಜೆಗೆ ಮತ್ತು ಹಿರಿಯರ ಮನೆಗೆ, ಗಿಳಿ ಮೀನುಗಳು ಬಿಲ್ಡಿಂಗಿನ ಮಕ್ಕಳಿಗೆ. ಹೊಸ ಲಂಗ ಹಾಕಿಕೊಂಡು ಎಳ್ಳು ಬೀರಲು ಹೊರಟ ಮಗಳು ಪ್ರತಿ ಬಾಗಿಲಲ್ಲೂ "ಅಚ್ಚು ನಾನೇ ಮಾಡಿದ್ದು" ಅಂತ ಸೇರಿಸಿಯೇ ಡಬ್ಬಿ ಕೊಡುತ್ತಾಳೆ.

ಅಡಿಗೆಮನೆ ನೆಲ ಎರಡು ದಿನ ಕಾಲಿಗೆ ಚಟ್ ಚಟ್ ಅಂತ ಅಂಟುತ್ತದೆ. ಎಷ್ಟು ಒರೆಸಿದರೂ ಇರುವೆಗಳಿಗೆ ಮಾತ್ರ ಜಾಗ ಗೊತ್ತು. ಮುರಿದ ಅಚ್ಚುಗಳೆಲ್ಲ ಒಂದು ಸ್ಟೀಲ್ ಡಬ್ಬಿ ಸೇರುತ್ತವೆ. ಶಿವರಾತ್ರಿವರೆಗೂ ನಮ್ಮನೆ ಕಾಫಿಗೆ ಅದೇ ಸಕ್ಕರೆ. ಇವತ್ತು ಬೆಳಗ್ಗೆ ಅಮ್ಮನ ಲೋಟಕ್ಕೆ ಬಿದ್ದದ್ದು ಕೊಂಬಿಲ್ಲದ ಬಸವಣ್ಣ. ಕರಗಲು ಸ್ವಲ್ಪ ಹೊತ್ತು ಹಿಡಿಯಿತು.