ನನ್ನ ಕುಂಭಕರ್ಣರ ಪಟ್ಟಿ

2022ರ ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಗೆಳೆಯರು ಒಂದು ಬೆಟ್ ಕಟ್ಟಿದೆವು. ನಾಲ್ವರೂ ಕನ್ನಡದವರು. ಮೂವರು ಡಲ್ಲಾಸ್ ಸುತ್ತಮುತ್ತ ಇದ್ದೇವೆ, ಒಬ್ಬ ನಾರ್ತ್ ಕ್ಯಾರೋಲಿನಾದ ಕ್ಯಾರಿಯಲ್ಲಿದ್ದಾನೆ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಈಗ ದೊಡ್ಡ ಹೆಸರಿಲ್ಲದ, ಆದರೆ ಇರಬೇಕಾಗಿದ್ದ ಒಂದು ಯೂನಿವರ್ಸಿಟಿ ತಂಡವನ್ನು ಒಬ್ಬೊಬ್ಬರು ಆರಿಸಿಕೊಳ್ಳಬೇಕು. ಐದು ಸೀಸನ್ ಮುಗಿಯುವಾಗ ಯಾರ ತಂಡ ಎಲ್ಲಕ್ಕಿಂತ ಹಿಂದಿರುತ್ತೋ ಅವರು ಉಳಿದ ಮೂರು ಮನೆಯವರಿಗೂ ಹೋಳಿಗೆ ಊಟ ಹಾಕಬೇಕು. ಅಂಗಡಿ ಹೋಳಿಗೆ ನಡೆಯಲ್ಲ, ಕೈಯಲ್ಲಿ ತಟ್ಟಿದ್ದೇ ಆಗಬೇಕು.

ಇಲ್ಲಿಯವರು ಅಂಥ ತಂಡಕ್ಕೆ ‘ಸ್ಲೀಪಿಂಗ್ ಜೈಂಟ್’ ಅಂತಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದು ಮೊದಲ ದಿನವೇ ‘ಕುಂಭಕರ್ಣ’ ಆಯಿತು.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡೋದು. ಆಡುವವರು ಕಾಲೇಜ್ ಹುಡುಗರು. ಆದರೆ ಮಿಶಿಗನ್ ಯೂನಿವರ್ಸಿಟಿ ಸ್ಟೇಡಿಯಂನಲ್ಲಿ ಕೂರೋ ಜಾಗವೇ 1 ಲಕ್ಷ 7 ಸಾವಿರಕ್ಕೂ ಜಾಸ್ತಿ. 2009ರಲ್ಲಿ ಮೈಸೂರಿನಿಂದ ಬಂದಾಗ ಇದೇನು ಹುಚ್ಚು ಅನ್ನಿಸಿತ್ತು. ಮೂರು ವರ್ಷದಲ್ಲಿ ಆ ಹುಚ್ಚು ನನಗೂ ಹತ್ತಿತು.

ನನ್ನ ಕೆಲಸ ಗೋಡೌನ್ ದಾಸ್ತಾನಿನ ಅಂದಾಜು. ಯಾವ ಊರಿನಲ್ಲಿ ಯಾವ ಮಾಲು ಎಷ್ಟು ಖರ್ಚಾಗುತ್ತೆ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕೋದು. ಉಳಿದವರು ಮನಸ್ಸಿಗೆ ಬಂದ ತಂಡ ಆರಿಸಿಕೊಂಡರೆ ನಾನು ಶೀಟ್ ತೆರೆದು ಕೂತೆ. ಆಗ ಮೇಲಿನ ದರ್ಜೆಯಲ್ಲಿದ್ದ 131 ತಂಡಗಳಿಗೂ ಒಂದೊಂದು ಸಾಲು. 100 ಅಂಕಕ್ಕೆ ಲೆಕ್ಕ. 40 ಅಂಕ ಅಕ್ಕಪಕ್ಕದ ಹುಡುಗರಿಗೆ: ನಾಲ್ಕು ಗಂಟೆ ಕಾರು ಓಡಿಸಿದರೆ ಎಷ್ಟು ಒಳ್ಳೆಯ ಹೈಸ್ಕೂಲ್ ಆಟಗಾರರು ಸಿಗ್ತಾರೆ ಅನ್ನೋದು. ದುಡ್ಡಿಗೆ 20, ಓದುವ ಮತ್ತು ಓದಿ ಹೋದ ಜನರಿಗೆ 15, ಆಡುವ ಕಾನ್ಫರೆನ್ಸ್‌ಗೆ, ಅಂದರೆ ಹೆಚ್ಚಾಗಿ ತಮ್ಮತಮ್ಮಲ್ಲೇ ಆಡೋ ತಂಡಗಳ ಕೂಟಕ್ಕೆ, 15. ಕೋಚ್‌ಗೆ ಬರೀ 10. ಕೋಚ್ ಬರ್ತಾನೆ, ಹೋಗ್ತಾನೆ, ಊರು ಎಲ್ಲಿಗೂ ಹೋಗಲ್ಲ ಅನ್ನೋದು ನನ್ನ ವಾದ.

ಆ 40 ಅಂಕದ ಹಿಂದೆ ಒಂದು ಶುಕ್ರವಾರ ರಾತ್ರಿ ಇದೆ. ನನ್ನ ಮಗ ಹೈಸ್ಕೂಲ್ ಬ್ಯಾಂಡ್‌ನಲ್ಲಿ ಟ್ರೊಂಬೋನ್ ಊದುತ್ತಿದ್ದ. ಒಮ್ಮೆ ಅವರ ಶಾಲೆಯ ಆಟ ಅಲೆನ್ ಊರಿನ ಸ್ಟೇಡಿಯಂನಲ್ಲಿತ್ತು. 2012ರಲ್ಲಿ 6 ಕೋಟಿ ಡಾಲರ್ ಸುರಿದು ಕಟ್ಟಿದ್ದು, 18,000 ಜನ ಕೂರಬಹುದು. ನೆನಪಿರಲಿ, ಹೈಸ್ಕೂಲ್ ಸ್ಟೇಡಿಯಂ ಇದು. ಬೇಲಿ ಪಕ್ಕದಲ್ಲಿ ಯಾವುದೋ ಯೂನಿವರ್ಸಿಟಿ ಗುರುತಿನ ಅಂಗಿ ತೊಟ್ಟ ಒಬ್ಬರು ನಿಂತಿದ್ದರು. ಚೆಂಡು ಬಲಕ್ಕೆ ಹೋದರೂ ಅವರ ಕಣ್ಣು ಎಡಕ್ಕೇ. ಅಲ್ಲಿ ಏನಿದೆ ಅಂತ ನಾನೂ ನೋಡಿದೆ. ಸಾಲಿನ ಎಡ ತುದಿಯಲ್ಲಿ ಆರೂವರೆ ಅಡಿಯ ಒಬ್ಬ ಹುಡುಗ, ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯೋನು. ಅವನು ಎದುರಾಳಿಯನ್ನು ತಳ್ಳಿದನೋ ಇಲ್ಲವೋ ಅನ್ನೋದು ಇವರಿಗೆ ಬೇಡವಾಗಿತ್ತು. ನೋಡ್ತಿದ್ದದ್ದು ಪಾದ. ಅಷ್ಟು ದೊಡ್ಡ ಮೈ ಹಿಂದಕ್ಕೆ ಸರಿಯುವಾಗ ಪಾದ ಎಷ್ಟು ಬೇಗ ನೆಲ ಬಿಡುತ್ತೆ ಅಂತ. ಆಟ ನಿಂತಾಗಲೆಲ್ಲ ಸಣ್ಣ ಪುಸ್ತಕದಲ್ಲಿ ಒಂದು ಗೆರೆ ಎಳೀತಿದ್ದರು. ಆ ಹುಡುಗನ ತಂಡ ಅವತ್ತು ಹಿಗ್ಗಾಮುಗ್ಗಾ ಸೋತಿತು. ಅವರು ನಗುತ್ತಲೇ ಹೋದರು.

ಅಂದರೆ ಇವರು ಕೊಳ್ಳೋದು ಇವತ್ತಿನ ಆಟವನ್ನಲ್ಲ, ಮೂರು ವರ್ಷದ ಮೇಲಿನ ಹುಡುಗನನ್ನು. ಅಂಥ ಹುಡುಗರು ಜಾಸ್ತಿ ಹುಟ್ಟೋ ಊರಿನ ನಡುವೆ ಕೂತ ಕಾಲೇಜು ಇವತ್ತಲ್ಲ ನಾಳೆ ಏಳಲೇಬೇಕು, ಅಲ್ವಾ? ಹಾಗಂತ ನಂಬಿದೆ.

ಶೀಟ್ ಮೇಲಕ್ಕೆ ತಂದ ಹೆಸರು ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾ. ಒರ್ಲ್ಯಾಂಡೊ ಊರು, 70,000ದ ಹತ್ತಿರ ವಿದ್ಯಾರ್ಥಿಗಳು. 1979ರಲ್ಲಿ ಶುರುವಾದ ತಂಡ 2017ರಲ್ಲಿ 13 ಆಡಿ 13 ಗೆದ್ದಿತ್ತು. ಆದರೂ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪ್ಲೇಆಫ್‌ಗೆ ಕರೆದಿರಲಿಲ್ಲ, ಸಣ್ಣ ಕಾನ್ಫರೆನ್ಸ್ ಅಂತ. 2023ಕ್ಕೆ ಬಿಗ್ 12 ಕಾನ್ಫರೆನ್ಸ್ ಸೇರೋದು ಆಗಲೇ ಗಟ್ಟಿಯಾಗಿತ್ತು. ಇದಕ್ಕಿಂತ ಒಳ್ಳೆ ಕುಂಭಕರ್ಣ ಬೇಕಾ?

ಗೆಳೆಯರಲ್ಲಿ ಒಬ್ಬ ಅರಿಜೋನಾದ ಟೆಂಪಿಯಲ್ಲಿ ಎಂಎಸ್ ಮಾಡಿದವನು. ಅವನದು ಅರಿಜೋನಾ ಸ್ಟೇಟ್. ಇನ್ನೊಬ್ಬ ಡಲ್ಲಾಸ್‌ನ ಎಸ್‌ಎಂಯು, ಅಂದರೆ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ, ಹಿಡಿದ. ಕ್ಯಾರಿಯವನು ನಾರ್ತ್ ಕ್ಯಾರೋಲಿನಾ.

ಮೊದಲ ಎರಡು ಸೀಸನ್ ಮಾತಾಡೋ ಹಾಗಿರಲಿಲ್ಲ. 2023ರಲ್ಲಿ ಅರಿಜೋನಾ ಸ್ಟೇಟ್ 3 ಗೆದ್ದು 9 ಸೋತಿತು. ಗುಂಪಿನಲ್ಲಿ ಅವನಿಗೆ ಕಡಲೆಬೇಳೆ ಫೋಟೋ ಕಳಿಸಿದ್ದೇ ಕಳಿಸಿದ್ದು. ನನ್ನ ತಂಡ ಹೊಸ ಕಾನ್ಫರೆನ್ಸ್‌ನಲ್ಲಿ 6-7. ಹೊಸ ಊರು, ಹೊಂದಿಕೊಳ್ಳಲಿ ಅಂದುಕೊಂಡೆ.

ಎಸ್‌ಎಂಯು ಕಥೆ ಮಾತ್ರ ಆ ವರ್ಷ ಬೇರೆ ದಾರಿ ಹಿಡಿಯಿತು. ಇದು ಹಿಂದೆ ದೊಡ್ಡ ತಂಡವೇ. ಆಟಗಾರರಿಗೆ ಕದ್ದುಮುಚ್ಚಿ ದುಡ್ಡು ಕೊಟ್ಟಿದ್ದಕ್ಕೆ 1987ರ ಸೀಸನ್ ಪೂರ್ತಿ ರದ್ದು ಮಾಡಿದ್ದರು. ಇಲ್ಲಿ ಅದಕ್ಕೆ ‘ಡೆತ್ ಪೆನಾಲ್ಟಿ’ ಅಂತಲೇ ಹೆಸರು. 1988ರಲ್ಲೂ ಆಡಲಿಲ್ಲ. ಆಮೇಲೆ ಮೂರು ದಶಕ ನಿದ್ದೆ. 2023ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಕಾನ್ಫರೆನ್ಸ್ ಆದ ಎಸಿಸಿ ಬಾಗಿಲು ತೆರೆಯಿತು. ಷರತ್ತು ಏನು ಗೊತ್ತಾ? ಒಂಬತ್ತು ವರ್ಷ ಆ ಕಾನ್ಫರೆನ್ಸ್‌ನ ಟಿವಿ ದುಡ್ಡಿನಲ್ಲಿ ಪಾಲು ಕೇಳಬಾರದು. ಯಾರು ಒಪ್ಪುತ್ತಾರೆ ಹೇಳಿ. ಇವರು ಒಪ್ಪಿದರು. ಡಲ್ಲಾಸ್‌ನ ಹಳೇ ವಿದ್ಯಾರ್ಥಿಗಳು ಒಂದೇ ವಾರದಲ್ಲಿ 10 ಕೋಟಿ ಡಾಲರ್ ಒಟ್ಟು ಮಾಡಿಕೊಟ್ಟರು. ಆ ಗೆಳೆಯನ ಜೊತೆ ಒಂದು ಶನಿವಾರ ಆಟ ನೋಡಲು ಹೋದೆ. ಕ್ಯಾಂಪಸ್ ನಡುವಿನ ರಸ್ತೆ ಉದ್ದಕ್ಕೂ ಬಿಳಿ ಟೆಂಟುಗಳು, ಇಸ್ತ್ರಿ ಹಾಕಿದ ಅಂಗಿಗಳು, ನಮ್ಮ ಕೈಯಲ್ಲಿ ಪುಳಿಯೋಗರೆ ಡಬ್ಬಿ. ಮದುವೆ ಮನೆಗೆ ತಪ್ಪಿ ನುಗ್ಗಿದ ಹಾಗಾಯ್ತು. ಸ್ಟೇಡಿಯಂ ಒಳಗೆ ಬರೀ 32,000 ಸೀಟು. ನನ್ನ ಶೀಟ್ ‘ಜನ ಕಡಿಮೆ’ ಅಂತ ಅಂಕ ಕತ್ತರಿಸಿತ್ತು. ಹೊರಗೆ ಟೆಂಟ್ ಕೆಳಗೆ ನಿಂತವರನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

2024ರಲ್ಲಿ ಪ್ಲೇಆಫ್‌ಗೆ ನಾಲ್ಕರ ಬದಲು 12 ತಂಡ ಬಂದವು. ಎಸ್‌ಎಂಯು ಒಳಗೆ ಹೋಯಿತು. ಕಾನ್ಫರೆನ್ಸ್‌ನ 16 ತಂಡಗಳಲ್ಲಿ 16ನೆಯದು ಅಂತ ಪತ್ರಕರ್ತರು ಬರೆದಿದ್ದ ಅರಿಜೋನಾ ಸ್ಟೇಟ್ ಕಾನ್ಫರೆನ್ಸನ್ನೇ ಗೆದ್ದು ಒಳಗೆ ಹೋಯಿತು, ಟೆಕ್ಸಸ್‌ನಂಥ ತಂಡವನ್ನು ಎರಡು ಓವರ್‌ಟೈಮ್‌ವರೆಗೆ ಎಳೆದು ಸೋತಿತು. ಸೆಂಟ್ರಲ್ ಫ್ಲಾರಿಡಾ 4-8. ಈಗ ಕಡಲೆಬೇಳೆ ನನಗೆ ಬರತೊಡಗಿತು.

ಆದರೂ ಇವೆಲ್ಲ ನನ್ನ ಲೆಕ್ಕದ ಹತ್ತಿರವೇ ಇದ್ದವು. ಎರಡೂ ದೊಡ್ಡ ಊರು, ಎರಡೂ ಕಡೆ ಹುಡುಗರಿದ್ದಾರೆ. ಶೀಟ್ ಕೆಡಿಸಿದ್ದು 88ನೇ ಸಾಲು. ಇಂಡಿಯಾನಾ.

ಇಂಡಿಯಾನಾ ಅಂದರೆ ಬಾಸ್ಕೆಟ್‌ಬಾಲ್. ಐದು ಸಲ ದೇಶಕ್ಕೇ ಚಾಂಪಿಯನ್. ಫುಟ್‌ಬಾಲ್‌ನಲ್ಲಿ? ಇತಿಹಾಸದಲ್ಲಿ ಅತಿ ಹೆಚ್ಚು ಸೋತ ದೊಡ್ಡ ತಂಡ ಅನ್ನೋ ಹಣೆಪಟ್ಟಿ ಇತ್ತು. ಕಾನ್ಫರೆನ್ಸ್ ಕೊನೆಗೆ ಗೆದ್ದದ್ದು 1967ರಲ್ಲಿ. ಒಂದು ಸೀಸನ್‌ನಲ್ಲಿ 10 ಆಟ ಒಮ್ಮೆಯೂ ಗೆದ್ದಿರಲಿಲ್ಲ. ನಾಲ್ಕು ಗಂಟೆ ಕಾರಿನ ದೂರದಲ್ಲಿ ಸಿಗೋ ಒಳ್ಳೆ ಹುಡುಗರನ್ನು ಒಹಾಯೊ ಸ್ಟೇಟ್, ಮಿಶಿಗನ್, ನೋಟರ್ ಡೇಮ್ ಮೊದಲೇ ಎತ್ತಿಕೊಂಡು ಹೋಗ್ತಾರೆ. 40ಕ್ಕೆ 9 ಕೊಟ್ಟಿದ್ದೆ.

2023ರಲ್ಲಿ 3-9 ಆದ ಮೇಲೆ ಅವರು ಕರ್ಟ್ ಸಿಗ್ನೆಟಿ ಅನ್ನೋ ಕೋಚ್‌ನ ಕರೆತಂದರು. ವಯಸ್ಸು 62. ಜೇಮ್ಸ್ ಮ್ಯಾಡಿಸನ್ ಅನ್ನೋ ಚಿಕ್ಕ ತಂಡದಲ್ಲಿ 52 ಗೆದ್ದು 9 ಸೋತಿದ್ದವರು. ಅದಕ್ಕೂ ಮೊದಲು ಇನ್ನೂ ಚಿಕ್ಕ ಕಾಲೇಜುಗಳಲ್ಲಿ ಗೆದ್ದವರು. ಬರುವಾಗ ಹಳೇ ತಂಡದ 13 ಹುಡುಗರನ್ನೂ ಜೊತೆಗೇ ತಂದರು. ಮೊದಲ ವರ್ಷ 11-2. ಎರಡನೇ ವರ್ಷ 16-0, ದೇಶದ ಚಾಂಪಿಯನ್. ಈ ಆಟದ ದೊಡ್ಡ ತಂಡಗಳಲ್ಲಿ 16-0 ಅನ್ನೋದು ಅದಕ್ಕೂ ಹಿಂದೆ ಆಗಿದ್ದು 1894ರಲ್ಲಿ, ಯೇಲ್ ತಂಡಕ್ಕೆ.

2026ರ ಜನವರಿ 19ರ ಫೈನಲ್ ನಾಲ್ಕೂ ಮನೆಯವರು ನಮ್ಮ ಹಾಲ್‌ನಲ್ಲಿ ಕೂತು ನೋಡಿದೆವು. ಕ್ಯಾರಿಯವನು ಆಫೀಸ್ ಕೆಲಸಕ್ಕೆ ಬಂದಿದ್ದ. ಎದುರು ಮಯಾಮಿ, ಅದೂ ಅವರದೇ ಸ್ಟೇಡಿಯಂನಲ್ಲಿ. ಕೊನೆ ಕ್ವಾರ್ಟರ್, ನಾಲ್ಕನೇ ಡೌನ್, ಅಂದರೆ ಹತ್ತು ಗಜ ಮುಂದೆ ಹೋಗೋಕೆ ಸಿಗೋ ನಾಲ್ಕು ಅವಕಾಶದಲ್ಲಿ ಕೊನೆಯದು. ಫೀಲ್ಡ್ ಗೋಲ್ ಒದ್ದು ಮೂರು ಪಾಯಿಂಟ್ ತಗೋಬಹುದಿತ್ತು. ಸಿಗ್ನೆಟಿ ಒದೆಸಲಿಲ್ಲ. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ತಾನೇ ಚೆಂಡು ಹಿಡಿದು ನುಗ್ಗಿದ. ಒಬ್ಬನಿಗೆ ಬಡಿದು ತಿರುಗಿದ, ಇನ್ನೊಬ್ಬನಿಗೂ ಬಡಿದು, ಮುಂದಕ್ಕೆ ಹಾರಿ ಕೈ ಚಾಚಿ ಟಚ್‌ಡೌನ್, ಅಂದರೆ ಆರು ಪಾಯಿಂಟ್. ಕೊನೆಗೆ 27-21. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಕೇಳಿದಳು, “ಇದು ನಿಮ್ಮ ಪಟ್ಟಿಯಲ್ಲಿ ಎಷ್ಟನೆಯದು ರೀ?” ಎಲ್ಲರೂ ಟಿವಿ ಬಿಟ್ಟು ನನ್ನ ಮುಖ ನೋಡಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಶೀಟ್ ತೆರೆದೆ. ಎಲ್ಲಿ ತಪ್ಪಿದೆ?

ಅಂಕಿ ತಪ್ಪಿರಲಿಲ್ಲ, ಕಾಲ ತಪ್ಪಿತ್ತು. ನಾನು ಎಣಿಸಿದ್ದು ಹಳೇ ನಿಯಮದ ಲೋಕವನ್ನು. ಆಗ ಹುಡುಗ ಒಂದು ಕಾಲೇಜು ಸೇರಿದರೆ ಸಾಮಾನ್ಯವಾಗಿ ಅಲ್ಲೇ. ಬಿಟ್ಟು ಹೋದರೆ ಒಂದು ವರ್ಷ ಬೆಂಚು ಕಾಯಬೇಕಿತ್ತು. 2021ರಲ್ಲಿ ಒಂದು ಸಲ ಕಾಯದೆ ಹೋಗಬಹುದು ಅಂತಾಯ್ತು, 2024ರಲ್ಲಿ ಎಷ್ಟು ಸಲ ಬೇಕಾದರೂ. 2021ರ ಜುಲೈನಿಂದ ಆಟಗಾರ ತನ್ನ ಹೆಸರು, ಮುಖ ತೋರಿಸಿ ದುಡ್ಡು ಮಾಡಬಹುದು. 2025ರ ಜುಲೈನಿಂದ ಕಾಲೇಜೇ ನೇರ ಕೊಡಬಹುದು, ಮೊದಲ ವರ್ಷದ ಮಿತಿ ಒಂದೊಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಎಸ್‌ಎಂಯು ಪ್ರಾಣ ತೆಗೆದ ಅದೇ ದುಡ್ಡು ಈಗ ಚೆಕ್‌ನಲ್ಲಿ ಬರುತ್ತೆ. ನೆನೆಸಿಕೊಂಡರೆ ನಗು ಬರುತ್ತೆ, ಸ್ವಲ್ಪ ಹೊಟ್ಟೆಯೂ ಉರಿಯುತ್ತೆ.

ಹೀಗಾದಾಗ ಊರ ಪಕ್ಕ ಹುಡುಗ ಹುಟ್ಟಬೇಕಾದ್ದೇನಿದೆ? ಮೆಂಡೋಜಾ ಬೆಳೆದದ್ದು ಮಯಾಮಿಯಲ್ಲಿ, ಆಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ ಗೆದ್ದದ್ದು ಇಂಡಿಯಾನಾದಲ್ಲಿ. ಅಲೆನ್‌ನ ಬೇಲಿ ಪಕ್ಕ ನಿಂತವರು 17 ವರ್ಷದವನ ಪಾದ ನೋಡ್ತಿದ್ದರು. ಸಿಗ್ನೆಟಿ ಹುಡುಕಿದ್ದು 22 ವರ್ಷದ, ಬೇರೆ ಕಡೆ ಆಗಲೇ ಆಡಿ ತೋರಿಸಿದವರನ್ನು. ಮುಂದೆ ಏನಾಗಬಹುದು ಅನ್ನೋದಕ್ಕಿಂತ ಈವರೆಗೆ ಏನು ಮಾಡಿದ್ದಾನೆ ಅನ್ನೋದು ಮುಖ್ಯ ಅಂತ ಅವರು ಬಾಯಿಬಿಟ್ಟೇ ಹೇಳಿದ್ದಾರೆ. ಎದುರಾಳಿ ಎಸೆದ ಚೆಂಡು ತಡೆಯೋ ಅವರ ಕಾರ್ನರ್‌ಬ್ಯಾಕ್ ಡಿಏಂಜೆಲೊ ಪಾಂಡ್ಸ್ ಬರೀ 5 ಅಡಿ 9 ಇಂಚು. ಬೇಲಿ ಪಕ್ಕದವರ ಪುಸ್ತಕದಲ್ಲಿ ಅಂಥವನಿಗೆ ಗೆರೆ ಬೀಳೋದು ಕಷ್ಟ.

ಇನ್ನೊಂದು ತಪ್ಪು ನನ್ನದೇ. ‘ಬಾಸ್ಕೆಟ್‌ಬಾಲ್ ಜನ’ ಅಂತ ಬರೆದು ಇಂಡಿಯಾನಾದ ಹಳೇ ವಿದ್ಯಾರ್ಥಿಗಳಿಗೆ ಅರ್ಧ ಅಂಕ ಕತ್ತರಿಸಿದ್ದೆ. ಬದುಕಿರುವ ಹಳೇ ವಿದ್ಯಾರ್ಥಿಗಳು ಜಾಸ್ತಿ ಇರೋ ಕಾಲೇಜುಗಳಲ್ಲಿ ಅದೂ ಒಂದು. ಗೆಲ್ಲೋ ತಂಡ ಕೊಟ್ಟ ಮೇಲೆ ಅವರು ಯಾವ ಆಟದವರು ಅಂತ ಯಾರೂ ಕೇಳಲಿಲ್ಲ.

ಈಗ ಶೀಟ್ ಬದಲಾಗಿದೆ. ಅಕ್ಕಪಕ್ಕದ ಹುಡುಗರಿಗೆ 15. ಕೋಚ್‌ಗೆ 35, ಆದರೆ ಹೆಸರಿಗಲ್ಲ. ಹಿಂದಿನ ಮೂರು ಕೆಲಸದಲ್ಲಿ ಸಿಕ್ಕಿದ್ದಕ್ಕಿಂತ ಮೇಲೆತ್ತಿದ್ದಾರಾ ಅನ್ನೋದಕ್ಕೆ. ವೃತ್ತಿಪರ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲನ್ನು ಕೋಚ್ ಆಗಿ ಆರು ಸಲ ಗೆದ್ದ ಬಿಲ್ ಬೆಲಿಚೆಕ್‌ನ ನಾರ್ತ್ ಕ್ಯಾರೋಲಿನಾ ತಂದಾಗ ಕ್ಯಾರಿಯ ಗೆಳೆಯ ಸಿಹಿ ಹಂಚಿದ್ದ. ಮೊದಲ ಸೀಸನ್ 4-8. ಕಾಲೇಜು ಹುಡುಗರ ಜೊತೆ ಕೆಲಸ ಮಾಡಿದ ಲೆಕ್ಕ ಅವರ ಹತ್ತಿರ ಇರಲೇ ಇಲ್ಲ.

ಹೊಸ ಕಾಲಮ್ ಒಂದಿದೆ, ಅದಕ್ಕೆ ‘ಹಸಿವು’ ಅಂತ ಹೆಸರು. ಇಂಡಿಯಾನಾ ಆಡೋ ಬಿಗ್ ಟೆನ್ ಕಾನ್ಫರೆನ್ಸ್‌ನಲ್ಲಿ ಹಳೇ ಸದಸ್ಯರಿಗೆ ವರ್ಷಕ್ಕೆ 6 ಕೋಟಿ ಡಾಲರ್‌ಗೂ ಜಾಸ್ತಿ ಬರುತ್ತೆ, ಗೆದ್ದರೂ ಸೋತರೂ. ಇಂಡಿಯಾನಾ ಸೋತು ಸೋತು ಸುಣ್ಣವಾದಾಗಲೂ ಒಹಾಯೊ ಸ್ಟೇಟ್‌ನಷ್ಟೇ ಪಾಲು ಬರ್ತಿತ್ತು. ದುಡ್ಡು ಬರ್ತಾನೇ ಇದ್ದರೆ ಕುಂಭಕರ್ಣ ಯಾಕೆ ಏಳ್ತಾನೆ? ಎಷ್ಟು ಸೋತಾಗ ಅಲ್ಲಿಯ ದೊಡ್ಡವರಿಗೆ ನಾಚಿಕೆಯಾಗುತ್ತೆ, ಕೋಚ್ ಬದಲಿಸೋಕೆ ಎಷ್ಟು ವರ್ಷ ತಗೋತಾರೆ ಅನ್ನೋದನ್ನು ಅಲ್ಲಿ ಬರೀತೀನಿ. ಅಂದಾಜೇ, ಆದರೂ ಬರೀತೀನಿ.

ಈ ಲೆಕ್ಕದಲ್ಲಿ ಈಗ ಮೇಲಿರೋದು ಹ್ಯೂಸ್ಟನ್. ಸುತ್ತ ಹುಡುಗರು ಬೇಕಾದಷ್ಟು, ಬಿಗ್ 12ರಲ್ಲಿ ಜಾಗ. ಕೋಚ್ ವಿಲ್ಲಿ ಫ್ರಿಟ್ಜ್ ಎರಡು ವರ್ಷದ ಜೂನಿಯರ್ ಕಾಲೇಜಿನಿಂದ ಮೆಟ್ಟಿಲು ಹತ್ತಿದವರು, ಟುಲೇನ್ ತಂಡವನ್ನು ಕಾಟನ್ ಬೌಲ್ ಅನ್ನೋ ದೊಡ್ಡ ಪಂದ್ಯ ಗೆಲ್ಲಿಸಿದವರು. 2024ರಲ್ಲಿ 4-8, 2025ರಲ್ಲಿ 10-3. ಕಳೆದ ತಿಂಗಳು ಗುಂಪಿನಲ್ಲಿ ಕೇಳಿದೆ, “ತಂಡ ಬದಲಿಸಬಹುದಾ?” ಅಂತ.

“ಸುಮ್ನೆ ಇರು ಗುರು, ಬೆಟ್ ಅಂದರೆ ಬೆಟ್” ಅಂದ ಟೆಂಪಿಯವನು.

ಸೆಂಟ್ರಲ್ ಫ್ಲಾರಿಡಾ 2025ರಲ್ಲಿ 5-7. ಇನ್ನೊಂದು ಸೀಸನ್ ಬಾಕಿ ಇದೆ. ಹೆಂಡತಿ ಆಗಲೇ ಇಂಡಿಯನ್ ಅಂಗಡಿಯಿಂದ ದೊಡ್ಡ ಚೀಲ ಕಡಲೆಬೇಳೆ ತಂದಿಟ್ಟಿದ್ದಾಳೆ. ಹೂರಣ ರುಬ್ಬೋದು ನೀವೇ ಅಂತ ಬೇರೆ ಹೇಳಿದ್ದಾಳೆ.