‘ನೀವು ಮನುಷ್ಯರೇ?’ ಎಂದು ಜಾಲತಾಣ ತಡೆದರೆ

ಶಿರಸಿಯ ನಮ್ಮ ಭಾವ ಚಾಲಿ ಅಡಿಕೆಯ ಧಾರಣೆ ನೋಡಲು ಹೋದರೆ ಜಾಲತಾಣ ಒಳಗೇ ಬಿಡಲಿಲ್ಲ. ಯಂತ್ರಗಳ ಭೇಟಿ ತಡೆಯಲು ಹಾಕುವ ‘ನೀವು ಮನುಷ್ಯರೇ?’ ಎಂಬ ಪರೀಕ್ಷೆಯ ಚೌಕ ಸುತ್ತುತ್ತಲೇ ಇತ್ತು. ಇಪ್ಪತ್ತು ಸಲ ರಿಫ್ರೆಶ್ ಒತ್ತಿ, ಸಿಟ್ಟು ಬಂದು ವಿಪಿಎನ್ (ನಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ಆ್ಯಪ್), ಜಾಹೀರಾತು ತಡೆ ಎಲ್ಲವನ್ನೂ ಕಿತ್ತುಹಾಕಿದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಮೊದಲು ಮೊಬೈಲಿನ ದಿನಾಂಕ, ಗಡಿಯಾರ ಸರಿಯಿದೆಯೇ ನೋಡಿ. ಆಮೇಲೆ ಹಳೆಯ ಕುರುಹುಗಳಿಲ್ಲದ ಖಾಸಗಿ (ಇನ್‌ಕಾಗ್ನಿಟೋ) ವಿಂಡೋದಲ್ಲಿ ಒಮ್ಮೆ ತೆರೆಯಿರಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ವಿಪಿಎನ್ ನಿಲ್ಲಿಸುವುದರಿಂದ ಶುರು ಮಾಡಿ. ಅದರಲ್ಲಿ ನೂರಾರು ಜನ ಒಂದೇ ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ನಮ್ಮ ಸಂಪರ್ಕದ ಗುರುತು ಸಂಖ್ಯೆ) ಹೊರಬರುತ್ತಾರೆ. ಒಬ್ಬನ ಕಿತಾಪತಿಗೆ ಎಲ್ಲರಿಗೂ ಕೆಟ್ಟ ಹೆಸರು. ಉಚಿತ ವಿಪಿಎನ್‌ಗಳನ್ನಂತೂ ಮುಟ್ಟಲೇಬೇಡಿ. ವಿಪಿಎನ್ ಇಲ್ಲದವರಿಗೂ ಈ ಪಾಡು ತಪ್ಪಿದ್ದಲ್ಲ: ಹಳೆಯ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಹಾಗಾಗಿ ಮೊಬೈಲ್ ಕಂಪನಿಗಳು ಒಂದನ್ನೇ ಅನೇಕ ಗ್ರಾಹಕರಿಗೆ ಹಂಚುತ್ತವೆ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆದರೆ ಎಷ್ಟೋ ಸಲ ಬೇರೆ ವಿಳಾಸ ಸಿಗುತ್ತದೆ. ಮನೆಯ ರೌಟರ್ ಆದರೆ ಆರಿಸಿ ಹಚ್ಚಿ. ಮಳೆಗಾಲದಲ್ಲಿ ಆ ಕೆಲಸವನ್ನು ಕರೆಂಟೇ ಮಾಡಿಕೊಡುತ್ತದೆ.

ಆಗಲೂ ತೆರೆಯದಿದ್ದರೆ ದೋಷ ಬ್ರೌಸರಿನ ವೇಷದಲ್ಲಿರಬಹುದು. ಫೈರ್‌ಫಾಕ್ಸನ್ನು ಕ್ರೋಮ್ ಎಂದು ತೋರಿಸುವ ಆಡ್‌ಆನ್‌ಗಳಿವೆಯಲ್ಲ, ಅವನ್ನು ತೆಗೆದುಬಿಡಿ. ಹೆಸರು ಒಂದು, ನಡೆ ಇನ್ನೊಂದು ಎಂದು ಕಂಡೊಡನೆ ಕಾವಲು ಯಂತ್ರಕ್ಕೆ ಅನುಮಾನ ಬರುತ್ತದೆ. ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳಾದ ಜಾವಾಸ್ಕ್ರಿಪ್ಟನ್ನು ತಡೆದಿದ್ದರೂ ಪರೀಕ್ಷೆ ಮುಗಿಯುವುದಿಲ್ಲ. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್‌ನಲ್ಲಿ ಆ ಒಂದು ತಾಣಕ್ಕೆ ಮಾತ್ರ ತಡೆ ಸಡಿಲಿಸುವ ಗುಂಡಿಯಿದೆ. ಅಷ್ಟೇ ಸಾಕು, ಕಿತ್ತುಹಾಕುವ ಅಗತ್ಯವಿಲ್ಲ.

ನಡುವೆ ಒಂದು ಎಚ್ಚರಿಕೆ. ‘ವಿಂಡೋಸ್ ಮತ್ತು ಆರ್ ಕೀಲಿ ಒತ್ತಿ, ಇದನ್ನು ಅಂಟಿಸಿ’ ಎಂದು ಯಾವ ನಿಜವಾದ ಪರೀಕ್ಷೆಯೂ ಕೇಳುವುದಿಲ್ಲ. ಅದು ಕಂಪ್ಯೂಟರಿಗೆ ಕನ್ನ ಹಾಕುವವರ ಆಟ, ಪುಟವನ್ನು ಮುಚ್ಚಿ.

ಯಾವುದಕ್ಕೂ ಬಗ್ಗದಿದ್ದರೆ ತಾಣದ ಮಾಲೀಕರಿಗೆ ಇಮೇಲ್ ಬರೆಯಿರಿ. ಎಷ್ಟೋ ತಾಣಗಳಿಗೆ ಈ ಕಾವಲು ಒದಗಿಸುವ ಕಂಪನಿಯಾದ ಕ್ಲೌಡ್‌ಫ್ಲೇರ್‌ಗೆ ಬರೆದು ಪ್ರಯೋಜನವಿಲ್ಲ, ಯಾರನ್ನು ತಡೆಯಬೇಕೆಂಬ ನಿಯಮ ಹಾಕಿಕೊಳ್ಳುವವರು ಮಾಲೀಕರೇ. ಕ್ಲೌಡ್‌ಫ್ಲೇರ್ ತಡೆದ ಪುಟದ ಅಡಿಯಲ್ಲಿ ‘ರೇ ಐಡಿ’ ಎಂಬ ಸಂಖ್ಯೆಯಿರುತ್ತದೆ. ಅದನ್ನೂ ಸಮಯವನ್ನೂ ಸೇರಿಸಿದರೆ ಯಾವ ನಿಯಮ ತಡೆಯಿತೆಂದು ಅವರು ಹುಡುಕಬಲ್ಲರು. ಅದೇ ಪುಟದಲ್ಲಿ ನಿಮ್ಮ ಐಪಿ ವಿಳಾಸವೂ ಇರಬಹುದು. ಹಾಗಾಗಿ ಸ್ಕ್ರೀನ್‌ಶಾಟನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಭಾವ ಹಾಕಿದ್ದಾರೆ.